ಪುಟ್ಟಿಯ ಪರವಾಗಿ

ಕೈಗೆ ಕೆಲಸವಿಲ್ಲದಿದ್ದರೆ ಟೈಲರಕ್ಕನ ತಲೆ ನಿಲ್ಲುವುದಿಲ್ಲ. ಈಗ ಕೈತುಂಬ ಕೆಲಸವಿದ್ದರೂ ನಿಲ್ಲುತ್ತಿರಲಿಲ್ಲ. ಯಾರದೋ ಅಂಗಿಯ ತೋಳನ್ನು ತಿರುಗುಮುರುಗಾಗಿ ಹೊಲಿದು, ಬಿಚ್ಚಿ, ಮತ್ತೆ ಹಾಗೇ ಹೊಲಿದಳು. ತಂಗಿ ಪುಟ್ಟಿ ಮನೆ ಬಿಟ್ಟು ಹೋಗಿ ಕೆಲವು ತಿಂಗಳಾಗಿತ್ತು.

ಪುಟ್ಟಿ ಎಂದರೆ ಚಿಕ್ಕವಳಲ್ಲ, ಮೂವತ್ತು ದಾಟಿದವಳು. ಬುದ್ಧಿಯ ಬೆಳವಣಿಗೆ ನಿಧಾನ ಎಂದು ಡಾಕ್ಟರು ಹೇಳಿದ್ದರು. ಮಾತೂ ನಿಧಾನ. ಪ್ರಶ್ನೆ ಒಳಗಿಳಿದು ಉತ್ತರ ಮೇಲೆ ಬರುವವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಅಮ್ಮ ತೀರಿಕೊಂಡ ಮೇಲೆ ಅಕ್ಕನೇ ಅವಳ ಬಾಯಿ. ತಂಗಿಯ ಹಸಿವು, ಚಳಿ, ಸಿಟ್ಟು ಎಲ್ಲವನ್ನೂ ಅವಳೇ ಹೇಳಿಬಿಡುತ್ತಿದ್ದಳು. ತನಗೇ ಬೆನ್ನು ಹಿಡಿದು ಮೇಲೇಳಲಾಗದೆ ಮಲಗಿದಾಗ ಹೆದರಿ, ಎರಡು ಬೀದಿ ಆಚೆಯ ಮನೆಗೆ ಪುಟ್ಟಿಯನ್ನು ಕಳಿಸಲು ಒಪ್ಪಿದ್ದಳು. ಅಲ್ಲಿ ಪುಟ್ಟಿಯಂಥ ಮೂವರು ಹೆಂಗಸರು ತಮ್ಮ ಸಂಸಾರ ತಾವೇ ನಡೆಸುತ್ತಾರೆ. ಆಸರೆಗೆ ಒಬ್ಬಳು ಸಹಾಯಕಿ ಇರುತ್ತಾಳೆ. ಈಗ ಬೆನ್ನು ನೆಟ್ಟಗಾಗಿದೆ. ತಂಗಿಯನ್ನು ವಾಪಸು ಕರೆತರಬೇಕು.

ಅಂಗಿಯನ್ನು ಯಂತ್ರದ ಮೇಲೇ ಬಿಟ್ಟು ಹೊರಟಳು.

ಬಾಗಿಲು ತೆರೆದವಳು ಆ ಮೂವರಲ್ಲಿ ಒಬ್ಬಳು. ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಾಳೆಂದು ಅವಳಿಗೆ ‘ಮಂತ್ರಿ’ ಎಂದೇ ಹೆಸರು.

“ಯಾರು ಬೇಕಿತ್ತು?”

“ನಾನಮ್ಮಾ, ಪುಟ್ಟಿ ಅಕ್ಕ. ಹೋದ ವಾರ ಬಂದಿದ್ನಲ್ಲ.”

“ಹೋದ ವಾರದ್ದು ಹೋದ ವಾರಕ್ಕಾಯ್ತು. ಕೂತ್ಕೊಳ್ಳಿ, ಕೇಳಿ ಬರ್ತೀನಿ.”

ಕೂರುವ ವ್ಯವಧಾನ ಅಕ್ಕನಿಗೆಲ್ಲಿ? ಅವಳ ಹಿಂದೆಯೇ ಅಡುಗೆಮನೆಗೆ ನಡೆದಳು. ಪುಟ್ಟಿ ಸೌತೆಕಾಯಿ ಹೆಚ್ಚುತ್ತಿದ್ದಳು. ಚಾಕು ಕಂಡದ್ದೇ ಅಕ್ಕನ ಕೈ ತಾನಾಗಿ ಮುಂದಾಯಿತು. ಸಹಾಯಕಿ ಮೆಲ್ಲಗೆ ಕುರ್ಚಿ ಎಳೆದು ಅಡ್ಡ ಇಟ್ಟಳು.

“ಟೀ ಕುಡೀತೀಯಾ ಪುಟ್ಟಿ?” ಎಂದು ಸಹಾಯಕಿ ಕೇಳಿದಳು.

“ಅವಳಿಗೆ ಟೀ ಆಗಲ್ಲ, ಹಾಲು ಕೊಡು,” ಎಂದಳು ಅಕ್ಕ.

ಮಂತ್ರಿ ನಕ್ಕಳು. “ಆಗಲ್ವಾ? ಬೆಳಿಗ್ಗೆ ನನ್ನ ಲೋಟದ್ದೂ ಕುಡಿದ್ಲು, ಕಳ್ಳಿ.”

ಪುಟ್ಟಿಯೂ ನಕ್ಕಳು. ಅಕ್ಕನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕೂತಳು, ಎದ್ದಳು, ಪರದೆಯ ಅಂಚು ಬಿಚ್ಚಿದೆಯೇನೋ ಎಂದು ಎಳೆದು ನೋಡಿದಳು.

“ಪುಟ್ಟಿ, ನನ್ನ ಬೆನ್ನು ವಾಸಿಯಾಯ್ತು. ಮನೆಗೆ ಹೋಗೋಣ್ವಾ? ಇವತ್ತೇ ಹೊರಡೋಣ. ” ತಕ್ಷಣ ಸಹಾಯಕಿಯತ್ತ ತಿರುಗಿ, “ಹೂಂ ಅಂತಾಳೆ ಬಿಡು. ಅವಳ ಬಟ್ಟೆ ಎಲ್ಲಿವೆ?”

“ಅಕ್ಕಾ,” ಎಂದಳು ಸಹಾಯಕಿ, “ಅವಳು ಇನ್ನೂ ಏನೂ ಅಂದಿಲ್ಲ.”

ಅಕ್ಕ ಅಂಗೈಯನ್ನು ಬಾಯಿಗೊತ್ತಿ ಕೂತಳು. ಚಾಕು ನಿಂತಿತ್ತು. ನಲ್ಲಿ ತೊಟ್ಟಿಕ್ಕುತ್ತಿತ್ತು. ಪುಟ್ಟಿ ಹೇಳಬೇಕಾದ ಉತ್ತರಗಳೆಲ್ಲ ಅಕ್ಕನ ನಾಲಿಗೆಯ ತುದಿಗೆ ಬಂದು ನಿಂತವು, ಒಂದೊಂದನ್ನೂ ನುಂಗಿಕೊಂಡಳು.

“ನಾಳೆ ಬಟ್ಟೆ ಒಗೆಯೋದು ನನ್ನ ಸರದಿ,” ಎಂದಳು ಪುಟ್ಟಿ ಕೊನೆಗೆ.

“ನಾಡಿದ್ದು ಹೋಗೋಣ, ಹಾಗಾದ್ರೆ.”

ಪುಟ್ಟಿ ಚಾಕು ಕೆಳಗಿಟ್ಟಳು. “ಬೇಡ. ಇಲ್ಲೇ.” ಇನ್ನಷ್ಟು ಹೊತ್ತು ಬಿಟ್ಟು, “ನೀನು ಭಾನುವಾರ ಬಾ. ಊಟಕ್ಕೆ.”

ಇಷ್ಟು ವರ್ಷ ಎದುರುಬದುರು ಕೂತು ಉಂಡರೂ ತಂಗಿ ಅಕ್ಕನನ್ನು ಊಟಕ್ಕೆ ಕರೆದಿರಲಿಲ್ಲ. ಕರೆಯುವುದಕ್ಕೆ ಪುಟ್ಟಿಗೆ ತನ್ನದು ಅಂತ ಮನೆ ಎಲ್ಲಿತ್ತು?

“ಎಷ್ಟು ಹೊತ್ತಿಗೆ ಬರಲಿ?”

“ಮಧ್ಯಾಹ್ನ...” ಎಂದು ಮಂತ್ರಿ ಶುರುಮಾಡಿದಳು.

“ನೀನು ಸುಮ್ನಿರಮ್ಮಾ,” ಎಂದಳು ಅಕ್ಕ. “ಅವಳನ್ನ ಕೇಳ್ತಿದೀನಿ.”

ಮೊಣಕಾಲು ಕುಣಿಯುತ್ತಲೇ ಇತ್ತು. ಕಾದಳು.