ಓನರಮ್ಮ ಕೇಳಿಸಿಕೊಂಡ ಖಾಲಿ

ತಬಲದವನಿಗೆ ಬಾಡಿಗೆ ಮನೆ ಸಿಗುವುದು ಎಷ್ಟು ಕಷ್ಟ ಎಂಬುದನ್ನು ಯಾವ ಗುರುವೂ ಮೊದಲ ಪಾಠದಲ್ಲಿ ಹೇಳಿಕೊಡುವುದಿಲ್ಲ. ಎಂಬತ್ತರ ದಶಕದಲ್ಲಿ ವಿಜಯನಗರದ ಸುತ್ತಮುತ್ತ ನಾನು ಮನೆ ಹುಡುಕುವಾಗ "ಏನ್ ಕೆಲ್ಸ?" ಎಂದು ಕೇಳುತ್ತಿದ್ದರು. "ತಬಲ" ಎನ್ನುವಷ್ಟರಲ್ಲಿ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಕೊನೆಗೆ ಗೋವಿಂದರಾಜನಗರದ ಒಬ್ಬ ಓನರಮ್ಮ ತಮ್ಮ ಮನೆಯ ಹಿಂದಿನ ಕೋಣೆ ಕೊಟ್ಟರು. ಆ ಜಾಗದಲ್ಲಿ ಹಿಂದೆ ಅವರದೇ ರಾಗಿ ಹೊಲವಿತ್ತಂತೆ. "ಬಾರಿಸ್ಕೊ ಕಣಪ್ಪ, ಮಧ್ಯಾಹ್ನ ನಾನು ಮಲಗೋ ಹೊತ್ತಲ್ಲಿ ಮಾತ್ರ ಬ್ಯಾಡ" ಎಂದಷ್ಟೇ ಹೇಳಿದ್ದರು.

ಸಂಜೆ ಹೊತ್ತು ಭಾವಗೀತೆಗೋ ಶಾಲೆಯ ಡ್ಯಾನ್ಸಿಗೋ ನುಡಿಸಿ ಹೊಟ್ಟೆ ಹೊರೆಯುತ್ತಿದ್ದೆ. ಆದರೆ ಯಾರ ಹಿಂದೆಯೂ ಅಲ್ಲದೆ, ತಬಲವೊಂದನ್ನೇ ಇಟ್ಟುಕೊಂಡು ವೇದಿಕೆಯ ನಡುವೆ ಕೂರುವ ಹಟ ನನ್ನದು. ಅದಕ್ಕೆ ದಿನವೂ ಗಂಟೆಗಟ್ಟಲೆ ಅಭ್ಯಾಸ ಬೇಕು. ಆ ಕೋಣೆ ಕೈತಪ್ಪಿದರೆ ಅಭ್ಯಾಸವೂ ಹೋಯಿತು, ಹಟವೂ ಹೋಯಿತು.

ಧಾರವಾಡದ ಕಡೆಯಿಂದ ಬಂದು ಇಲ್ಲೇ ನೆಲೆಸಿದ್ದ ನನ್ನ ಗುರುಗಳು ಭಾನುವಾರ ಅಲ್ಲಿಗೇ ಬಂದು ಪಾಠ ಹೇಳುತ್ತಿದ್ದರು. ತೀನ್‌ತಾಲವೆಂಬ ತಾಳದಲ್ಲಿ ಒಂದು ಕಡೆ ಎಡಗೈಯ ಡಗ್ಗಾ ಬಾಯಿ ಮುಚ್ಚಿಕೊಳ್ಳುತ್ತದೆ, ಬಲಗೈ ಮಾತ್ರ ಮಾತಾಡುತ್ತದೆ. ಆ ಜಾಗದ ಹೆಸರು ಖಾಲಿ. ವೇಗ ಏರಿದಂತೆ ನಾನು ಅಲ್ಲೂ ಡಗ್ಗಾ ಬಿಡದೆ ಬಾರಿಸಿ ಖಾಲಿಯನ್ನೇ ನುಂಗಿಬಿಡುತ್ತಿದ್ದೆ. ಗುರುಗಳ ಗಂಟಲೋ, ಬೀದಿಗೆಲ್ಲ ಕೇಳುವಂಥದ್ದು. "ಖಾಲಿ ಯಾವಾಗ ಲೇ? ಖಾಲಿ ಬಂತು, ಬಿಡೋ! ಬಿಡು ಅಂದ್ರ ಬಿಡಂಗಿಲ್ಲಲ್ಲ!"

ಹೀಗೊಂದು ಭಾನುವಾರ ಪಾಠದ ನಡುವೆಯೇ ಗಂಡ ಹೆಂಡತಿ ಇಬ್ಬರು ಬಾಗಿಲಲ್ಲಿ ಬಂದು ನಿಂತರು. ಗಂಡ ಒಳಗೆ ಇಣುಕಿ, "ಮನೆ ಖಾಲಿ ಆಗ್ತಾ ಇದೆಯಂತಲ್ಲ ಸಾರ್, ನೋಡ್ಕೊಂಡ್ ಹೋಗೋಣ ಅಂತ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ನೇರ ಅಂಗಳಕ್ಕೆ ಹೋಗಿ, ಸೊಪ್ಪು ಬಿಡಿಸುತ್ತಿದ್ದ ಓನರಮ್ಮನನ್ನು ಕೇಳಿಯೇಬಿಟ್ಟೆ: "ಮನೆ ಬಿಡಿಸೋದಾದ್ರೆ ನನಗೆ ಮೊದ್ಲು ಹೇಳ್ಬಾರ್ದಾ ಅಮ್ಮ?"

ಅವರಿಗೆ ನನಗಿಂತ ಸಿಟ್ಟು. "ಚೆನ್ನಾಗಿದೆ ಕಣಪ್ಪ! ನಿಮ್ ಮೇಷ್ಟ್ರು ವಾರ ವಾರ ಬಂದು ಖಾಲಿ ಯಾವಾಗ, ಬಿಡು ಬಿಡು ಅಂತ ಕೂಗ್ತಾರೆ. ನೀನು ನಂಗೊಂದ್ ಮಾತು ಹೇಳಿದ್ಯಾ? ನಿಂಗೆ ಬೇರೆ ಕಡೆ ಮನೆ ನೋಡಿದ್ದಾರೆ ಅಂತ ನಾನೇ ಅಂದ್ಕೊಂಡು, ನಿನ್ನೆ ಮನೆ ಕೇಳ್ಕೊಂಡು ಬಂದ ಇವರಿಗೆ ನೋಡ್ಕೊಂಡ್ ಹೋಗಿ ಅಂದೆ."

ಹಿಂದೆಯೇ ಬಂದಿದ್ದ ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಜಗಲಿಯ ಮೇಲೆ ಕೂತು, ತೊಡೆ ತಟ್ಟಿ ತಾಳ ಹಾಕಿ, ಖಾಲಿ ಬಂದಾಗ ಕೈಯನ್ನು ಗಾಳಿಯಲ್ಲಿ ತೇಲಿಸಿ ತೋರಿಸಿದರು. "ಇದ ನೋಡವ್ವಾ ನಮ್ಮ ಖಾಲಿ."

ಓನರಮ್ಮ ಸೊಪ್ಪು ಬಿಟ್ಟು ನೋಡುತ್ತ ಕೂತರು. ತಾವೂ ತೊಡೆ ತಟ್ಟಿದರು, ತಪ್ಪಿದರು, ಮತ್ತೆ ತಟ್ಟಿದರು. "ಅಲ್ಲಾ ಮೇಷ್ಟ್ರೇ, ಹೊಡೀದೇ ಇರೋದನ್ನೂ ಯಾಕೆ ಲೆಕ್ಕಕ್ಕೆ ತಗೋತೀರಾ?" ಎಂದು ಕೇಳಿದರು. ಇಷ್ಟು ವರ್ಷ ಕಲಿತ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಉತ್ತರ ಕೇಳಲು ನಾನೂ ಬಗ್ಗಿದೆ. ಗುರುಗಳು ತಲೆ ಕೆರೆದುಕೊಂಡು, "ಅದು ಇಲ್ಲಾಂದ್ರ ಉಳಿದಿದ್ದು ಬರೇ ಗದ್ದಲ ಆಗ್ತದವ್ವಾ" ಎಂದರು. ಅದು ಅವರಿಗೇ ಸಾಲದು ಅನ್ನಿಸಿರಬೇಕು, ಮತ್ತೆ ತಲೆ ಕೆರೆದುಕೊಂಡರು.

ಮನೆ ನೋಡಲು ಬಂದವರು ಇನ್ನೂ ನಿಂತೇ ಇದ್ದರು. ಗಂಡ ಕೊನೆಯ ಪ್ರಯತ್ನ ಮಾಡಿದ: "ನಾವಾದ್ರೆ ತುಂಬಾ ಸೈಲೆಂಟಮ್ಮ. ಮನೇಲಿ ಜನ ಇದ್ದಾರೆ ಅಂತಾನೇ ಗೊತ್ತಾಗಲ್ಲ."

"ನೀನು ನಿನ್ನೆ ಹಂಗಂದಾಗಿಂದ ನಂಗೆ ಸಂಕಟ ಕಣಪ್ಪ" ಎಂದರು ಓನರಮ್ಮ. "ಇವ್ನು ನಾಲ್ಕು ದಿನ ಊರಿಗೋದ್ರೇ ಆ ರೂಮು ಬಿಕೋ ಅನ್ನುತ್ತೆ. ಬೇರೆ ಕಡೆ ನೋಡ್ಕೊಳಿ."