ಬೀರಪ್ಪನ ಎಮ್ಮೆ ಲೆಕ್ಕ

"ಮಾಮಾ, ಜಮಖಂಡ್ಯಾಗ ಹೆಣ್ಮಕ್ಕಳ ಡಾಕ್ಟರ್ ಯಾರು ಛಲೋ ಅದಾರ್ರಿ?"

ಹೋದ ವಾರ ಬೆಳಿಗ್ಗೆ, ಬಾಯಲ್ಲಿ ಬ್ರಷ್ ಇರುವಾಗಲೇ ಬಂದ ಫೋನ್ ಇದು. ಆ ಕಡೆ ನನ್ನ ಅಕ್ಕನ ಮಗ ಬೀರಪ್ಪ. ಅನಗವಾಡಿಯಲ್ಲಿ ಎಮ್ಮೆ ಕಟ್ಟಿ ಹಾಲಿನ ವ್ಯಾಪಾರ ಮಾಡುವ ಹುಡುಗ, ಈ ಬೇಸಿಗೆಯಲ್ಲಷ್ಟೇ ಮದುವೆಯಾದವನು. ಹೊಸ ಮದುಮಗ ಹೆಣ್ಣುಮಕ್ಕಳ ಡಾಕ್ಟರನ್ನು ಹುಡುಕಿದರೆ ಸೋದರಮಾವ ಏನೆಂದು ತಿಳಿಯಬೇಕು? "ಪೇಡೆ ತರ್ಲೇನಲೇ?" ಎಂದೆ.

ಅವನು ಸಣ್ಣ ದನಿಯಲ್ಲಿ, "ಪೇಡೆ ಬ್ಯಾಡ ಮಾಮಾ. ಹಂಗೇನರ ಆದ್ರ ಮಾಯವ್ವ ನನ್ನ ಜೀವಂತ ಬಿಡಂಗಿಲ್ಲ" ಎಂದ.

ಮಾಯವ್ವ ಅವನ ಹೆಂಡತಿ. ಪೊಲೀಸ್ ಕಾನ್‌ಸ್ಟೇಬಲ್ ಆಗಿಯೇ ತೀರುತ್ತೇನೆಂದು ಹಟ ಹಿಡಿದವಳು. ಲಿಖಿತ ಪರೀಕ್ಷೆ ಪಾಸಾಗಿದೆ. ಮುಂದಿನ ತಿಂಗಳು ಓಟ, ಜಿಗಿತ, ಗುಂಡು ಎಸೆತ. ದಿನಾ ನಸುಕಿನಲ್ಲಿ ಎದ್ದು ಹೊಳೆ ದಂಡೆಯ ದಾರಿಯಲ್ಲಿ ಓಡುತ್ತಾಳೆ. ವಯಸ್ಸಿನ ಮಿತಿಯ ಪ್ರಕಾರ ಇದೇ ಅವಳ ಕೊನೆಯ ಅವಕಾಶ. ಅದಕ್ಕೇ ಮದುವೆಗೆ ಮೊದಲೇ ಇಬ್ಬರೂ ಮಾತಾಡಿಕೊಂಡಿದ್ದರು, ನೌಕರಿ ಸಿಗುವ ತನಕ ಮಗು ಬೇಡ ಎಂದು. ಈಗ ನೋಡಿದರೆ ಮುಟ್ಟಿನ ದಿನ ಮೀರಿ ವಾರದ ಮೇಲಾಗಿತ್ತು.

"ಮತ್ತ ಏನ್ ಕಾಳಜಿ ತಗೊಂಡಿದ್ದಿ?" ಎಂದು ಕೇಳಿದೆ. (ಸೋದರಮಾವನಿಗೆ ನಮ್ಮ ಕಡೆ ಅಷ್ಟು ಸಲಿಗೆ ಇದೆ.)

"ಲೆಕ್ಕಾ ಹಾಕಿದ್ನಿ ಮಾಮಾ."

"ಎಂಥಾ ಲೆಕ್ಕಾನೋ?"

"ಎಮ್ಮಿ ಲೆಕ್ಕಾ."

ಎಮ್ಮೆಯ ವಿಷಯದಲ್ಲಿ ಬೀರಪ್ಪನಿಗೆ ಯಾರೂ ಪಾಠ ಹೇಳಬೇಕಿಲ್ಲ. ಯಾವ ಎಮ್ಮೆ ಯಾವಾಗ ಬೆದೆಗೆ ಬರುತ್ತದೆ, ದನದ ಡಾಕ್ಟರನ್ನು ಎಷ್ಟು ಹೊತ್ತಿಗೆ ಕರೆಸಿದರೆ ಗರ್ಭ ನಿಲ್ಲುತ್ತದೆ, ಎಲ್ಲ ಗೊತ್ತು. ಬೆದೆಯ ಗುರುತು ಕಂಡಾಗಷ್ಟೇ ಗರ್ಭ. ಆ ಹೊತ್ತು ತಪ್ಪಿತೋ, ಮುಂದಿನ ಬೆದೆಯ ತನಕ ಕಾಯಬೇಕು. ಇಷ್ಟೂ ಖರೆ. ಅವನು ಮಾಡಿದ ತಪ್ಪೆಂದರೆ ಈ ವಿದ್ಯೆಯನ್ನು ಕೊಟ್ಟಿಗೆಯಿಂದ ಎತ್ತಿ ಮನೆಯೊಳಗೆ ತಂದದ್ದು. ಹೆಂಗಸಿನಲ್ಲಿ ಕಣ್ಣಿಗೆ ಕಾಣುವ ಗುರುತು ಯಾವುದು? ಮುಟ್ಟು. ಅದೇ ಅವಳ ಬೆದೆ ಎಂದುಕೊಂಡ. ಅಂದಮೇಲೆ ಮುಟ್ಟಿನ ಹಿಂದೆ ಮುಂದೆ ದೂರ ಇದ್ದರೆ ಸಾಕು, ನಡುವಿನ ದಿನಗಳೆಲ್ಲ ಆರಾಮ! ಮಾಯವ್ವ ಅನುಮಾನಪಟ್ಟರೆ, "ಇಷ್ಟ್ ಎಮ್ಮಿ ಸಾಕಿದಾಂವ ನಾ, ನನಗ ಗೊತ್ತಾಗೂದಿಲ್ಲೇನು?" ಎಂದನಂತೆ.

ನಗಬೇಡಿ. ಕಾಲೇಜು ಮುಗಿಸಿದ ನಿಮ್ಮ ಮನೆಯ ಹುಡುಗರನ್ನೇ ಕೇಳಿ ನೋಡಿ. ಮೊದಲ ಸಲಕ್ಕೆ ಏನೂ ಆಗುವುದಿಲ್ಲ ಎನ್ನುವವನು ಸಿಗುತ್ತಾನೆ. ಕೊನೇ ಗಳಿಗೆಯಲ್ಲಿ ಹಿಂದೆ ಸರಿದರೆ ಮುಗೀತು ಎನ್ನುವವನು ಅವನ ಪಕ್ಕದಲ್ಲೇ ಇರುತ್ತಾನೆ. (ಆ ಗಳಿಗೆಗೆ ಮೊದಲೇ ಕೆಲಸ ಕೆಡಬಹುದು ಎಂದು ಅವನಿಗೆ ಹೇಳಿದವರಿಲ್ಲ.) ಎದ್ದು ತೊಳೆದುಕೊಂಡರೆ ಸಾಕು ಎಂಬ ಪಂಡಿತರಿದ್ದಾರೆ. ತುರ್ತಿಗೆಂದು ಇರುವ ಗುಳಿಗೆಯನ್ನು ಹೆಂಡತಿಗೆ ಪೆಪ್ಪರ್‌ಮೆಂಟಿನ ಹಾಗೆ ನುಂಗಿಸುವವರೂ ಇದ್ದಾರೆ. ಇವರಿಗೆಲ್ಲ ಗುರು ಯಾರು? ಇವರಷ್ಟೇ ತಿಳಿದ ಇನ್ನೊಬ್ಬ ಗೆಳೆಯ, ಇಲ್ಲವೇ ಮೊಬೈಲು.

"ಕಾಂಡೋಮ್ ತರಾಕ ಏನಾಗಿತ್ತು?" ಎಂದು ಗದರಿದೆ.

"ಊರಾಗಿನ ಮೆಡಿಕಲ್‌ದಾಗ ಅಪ್ಪನ ಗೆಳ್ಯಾ ಕುಂದರ್ತಾನ್ರಿ. ಪುಕ್ಕಟೆ ಹಂಚೂ ಆಶಾ ಕಾರ್ಯಕರ್ತೆ ನಮ್ಮ ಚಿಗವ್ವ. ಹೆಂಗ ಕೇಳ್ಲಿ?"

ಇದೂ ಒಂದು ಸಂಕಟ, ಒಪ್ಪಿದೆ. ಮುಧೋಳದವರು ಜಮಖಂಡಿಗೆ ಬಂದು, ಜಮಖಂಡಿಯವರು ಬನಹಟ್ಟಿಗೆ ಹೋಗಿ, ಬನಹಟ್ಟಿಯವರು ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕೊಳ್ಳುವ ವಸ್ತು ಇದೊಂದೇ ಇರಬೇಕು. ಅಲ್ಲಿಗೆ ಹೋದರೂ ಮೊದಲು ಕೇಳುವುದು ತಲೆನೋವಿನ ಗುಳಿಗೆ.

ಮಧ್ಯಾಹ್ನ ಇಬ್ಬರೂ ಬೈಕಿನಲ್ಲಿ ಜಮಖಂಡಿಗೆ, ನಾನು ಹೇಳಿದ ಡಾಕ್ಟರಮ್ಮನ ದವಾಖಾನೆಗೆ ಬಂದರು. ಮಾಯವ್ವನ ಕಾಲಲ್ಲಿ ಓಟದ ಶೂ ಇನ್ನೂ ಇತ್ತು. ಮೂತ್ರ ಪರೀಕ್ಷೆಗೆ ಕೊಟ್ಟು ಬಂದು ಬೆಂಚಿನ ತುದಿಗೆ ಕುಳಿತಳು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಹೊರಗೆ ಹೋದೆ, ಚಹಾ ಹೇಳಿದೆ, ಕುಡಿಯದೇ ಒಳಗೆ ಬಂದೆ. ಗೋಡೆಯ ಮೇಲಿನ ಲಸಿಕೆಯ ಬೋರ್ಡನ್ನು ಓದಿದ್ದನ್ನೇ ಓದಿದೆ. ಬೀರಪ್ಪನ ಮೇಲೆ ಸಿಟ್ಟು. ಇಷ್ಟು ವರ್ಷ ಓಡಿದವಳನ್ನು ಒಬ್ಬನ ಜಂಬ ಇಲ್ಲಿ ತಂದು ಕೂರಿಸಿತಲ್ಲ?

ಒಳಗೆ ಕರೆದರು. "ಮಾಮಾ, ನೀವೂ ಬರ್ರಿ" ಎಂದಳು ಮಾಯವ್ವ.

ಡಾಕ್ಟರಮ್ಮ ರಿಪೋರ್ಟ್ ನೋಡಿ, "ನೀ ಬಸರಾಗಿಲ್ಲವ್ವಾ. ಭಾಳ ಓಡಾಕತ್ತೀದಿ, ಮ್ಯಾಲೆ ಟೆನ್ಶನ್. ಅದಕ್ಕ ಮುಂದ ಹೋಗಿರ್ಬೇಕು. ಇನ್ನೊಂದು ವಾರದಾಗ ಆಗ್ಲಿಲ್ಲಂದ್ರ ಮತ್ತ ಬಾ" ಎಂದರು.

ತಲೆಗೆ ಬಂದದ್ದು ಪಾಗಿಗೆ ಹೋಯಿತು. ಮಾಯವ್ವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಮ್ಮ ಹುಡುಗ ಏನು ಮಾಡಿದ ಗೊತ್ತೇ? ಎದೆ ಮುಂದೆ ಮಾಡಿ, "ನೋಡ್ರಿ ಮಾಮಾ, ನನ್ನ ಲೆಕ್ಕಾ ತಪ್ಪಲಿಲ್ಲ" ಎಂದ.

ಮಾಯವ್ವ ಬಸುರಾಗಿದ್ದರೂ ನಾನು ಇಷ್ಟು ಹೆದರುತ್ತಿರಲಿಲ್ಲ. ತಪ್ಪು ಲೆಕ್ಕಕ್ಕೆ ಒಮ್ಮೆ ಸರಿ ಉತ್ತರ ಬಂದರೆ ಆ ಲೆಕ್ಕವನ್ನು ಮನುಷ್ಯ ಜೀವಮಾನವಿಡೀ ಬಿಡುವುದಿಲ್ಲ. ನಾಳೆ ಗೆಳೆಯರಿಗೂ ಹೇಳಿಕೊಡುತ್ತಾನೆ.

"ಯಾವ ಲೆಕ್ಕಾನೋ ತಮ್ಮಾ?" ಡಾಕ್ಟರಮ್ಮ ಕೇಳಿದರು. ಅವನು ಹುರುಪಿನಿಂದ ಹೇಳಿದ. ಅವರು ಚಷ್ಮಾ ತೆಗೆದು ಮೇಜಿನ ಮೇಲಿಟ್ಟರು.

"ಎಮ್ಮಿದು ಬ್ಯಾರೆ, ಮನಷ್ಯಾರ್ದು ಬ್ಯಾರೆ. ಹೆಣ್ಮಕ್ಕಳಿಗೆ ಗರ್ಭ ನಿಲ್ಲೂದು ಹೆಚ್ಚಾಗಿ ಎರಡು ಮುಟ್ಟಿನ ನಡುವಿನ ದಿನದಾಗ. ನೀ ಆರಾಮ ಅಂತ ಹಿಡದಿಯಲ್ಲ, ಆ ದಿನಾನ ಎಲ್ಲಾಕಿಂತ ಅಪಾಯದ್ದು. ಅವೂ ತಿಂಗಳಿಂದ ತಿಂಗಳಿಗೆ ಹಿಂದ ಮುಂದ ಆಗ್ತಾವ. ಲೆಕ್ಕಾ ನಂಬಿ ಕುಂದರಬ್ಯಾಡ, ಕಾಂಡೋಮ್ ವಾಪರ್ಸು. ಗುಳಗಿ, ಇಂಜೆಕ್ಷನ್, ಕಾಪರ್-ಟಿ ಎಲ್ಲಾ ಅದಾವ. ಯಾವುದು ಬೇಕಂತ ಆಕಿ ನನ್ನ ಜೋಡಿ ಮಾತಾಡ್ಲಿ."

"ಅಂದ್ರ ಇಷ್ಟ್ ದಿನ ನಾವು..." ಎಂದ ಬೀರಪ್ಪ.

"ನಸೀಬಾ ಛಲೋ ಇತ್ತು, ಅಷ್ಟ" ಎಂದರು ಅವರು.

ಹೊರಗೆ ಬಂದವನೇ ಎದುರಿನ ಮೆಡಿಕಲ್‌ಗೆ ನಡೆದ. (ಮೊದಲು ತಲೆನೋವಿನ ಗುಳಿಗೆಯನ್ನೇ ಕೇಳಿದ. ಈ ಕಿವಿಯಿಂದ ಕೇಳಿದ್ದೇನೆ.) ಮಾಯವ್ವ ಮೆಟ್ಟಿಲ ಮೇಲೆ ಕುಳಿತು ಶೂ ಲೇಸ್ ಬಿಗಿಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಎಮ್ಮಿ ಒಂದ್ ಹೊತ್ತು ಮೇವು ಬಿಟ್ರ ಸಾಕ್ರಿ ಮಾಮಾ, ಇವರು ಅದರ ಮುಂದ ಕುಂತು 'ಏನಾಗೈತೆವ್ವಾ' ಅಂತ ಕೇಳ್ತಾರ. ನನ್ನ ಮೈ ಲೆಕ್ಕಾ ಹಾಕೂ ಮುಂದ ನನ್ನ ಒಂದ್ ಮಾತು ಕೇಳಿಲ್ರಿ."

ಪುಡಿಕೆ ಹಿಡಿದುಕೊಂಡು ಬಂದ ಬೀರಪ್ಪ ಅಲ್ಲೇ ನಿಂತಿದ್ದ.

ಗಂಡಸರೇ, ನಾವು ಹೆಂಡತಿಯನ್ನು ಹಾಗೆ ಕೇಳಿದ್ದು ಯಾವಾಗ?