ವಾರ್ಡನ್ ಟೀಚರ ಎಡಗಿವಿ

ನಮ್ಮ ಹಾಸ್ಟೆಲಿನ ವಾರ್ಡನ್ ಟೀಚರ ತಲೆ ಯಾವಾಗಲೂ ಸ್ವಲ್ಪ ಎಡಕ್ಕೆ ತಿರುಗಿರುತ್ತಿತ್ತು. ಎದುರು ನಿಂತವರಿಗೆ ಮುಖಕ್ಕಿಂತ ಮೊದಲು ಅವರ ಬಲಗಿವಿ, ಅದರಲ್ಲೊಂದು ಸವೆದ ಚಿನ್ನದ ಬೆಂಡೋಲೆ ಕಾಣುತ್ತಿತ್ತು. ಹೊಸದಾಗಿ ಬಂದ ಹುಡುಗಿಯರು ‘ಅಬ್ಬಾ, ಎಂತ ಅಹಂಕಾರ ಇವರಿಗೆ!’ ಎಂದುಕೊಳ್ಳುತ್ತಿದ್ದರು. ನಾನೂ ಹಾಗೆ ಅಂದುಕೊಂಡವಳೇ. ಅವರ ಎಡಗಿವಿ ಪೂರ್ತಿ ಕಿವುಡು ಎಂದು ಆಮೇಲೆ ಗೊತ್ತಾಯಿತು.

ಆ ಕಿವಿಯನ್ನು ಅವರು ಬಳಸುತ್ತಿದ್ದ ರೀತಿ ನೋಡಬೇಕಿತ್ತು. ಕೊಡಬಾರದೆಂದು ಮನಸ್ಸಲ್ಲೇ ತೀರ್ಮಾನಿಸಿದ ರಜೆಯನ್ನು ಯಾರಾದರೂ ಕೇಳಲು ಬಂದರೆ, ಸಾವಕಾಶ ತಲೆಯನ್ನು ಬಲಕ್ಕೆ ತಿರುಗಿಸಿ ಎಡಗಿವಿ ಒಡ್ಡುವರು. ನಾವು ಅತ್ತು, ಕರೆದು, ಯಾವಾಗಲೋ ಸತ್ತ ಅಜ್ಜಿಯನ್ನು ಇನ್ನೊಂದು ಸಲ ಸಾಯಿಸಿ ಮುಗಿಸಿದ ಮೇಲೆ, “ಆಯ್ತಾ? ಇನ್ನು ರೂಮಿಗೆ ಹೋಗಿ” ಎನ್ನುವರು. ಅವರು ಗಡಿನಾಡಿನ ಮುಳ್ಳೇರಿಯದ ಕಡೆಯವರು. ಸಿಟ್ಟು ನೆತ್ತಿಗೇರಿದರೆ ಕನ್ನಡ, ಮಲಯಾಳ ಎರಡನ್ನೂ ಬಿಟ್ಟು ತುಳುವಿನಲ್ಲಿ ಬೈಯುತ್ತಿದ್ದರು.

ನಾನು ಎಂ.ಎ. ಎರಡನೇ ವರ್ಷದಲ್ಲಿದ್ದಾಗ ಆರೋಗ್ಯ ಕೇಂದ್ರದವರು ದಡಾರದ ಲಸಿಕೆ ಹಾಕಲು ಹಾಸ್ಟೆಲಿಗೆ ಬಂದರು. ಮಲಯಾಳದಲ್ಲಿ ಅಂಜಾಂಪನಿ ಎನ್ನುತ್ತಾರಲ್ಲ, ಅದು.

“ಅದು ಸಣ್ಣ ಮಕ್ಕಳ ಕಾಯಿಲೆ ಅಲ್ವಾ ಟೀಚರ್? ನಾಳೆ ಪೋಲಿಯೋ ಹನಿಯೂ ಉಂಟಾ?” ಎಂದು ನಾನು ಕೇಳಿದೆ. ಎಲ್ಲರೂ ನಕ್ಕರು.

ಟೀಚರ್ ನಗಲಿಲ್ಲ. “ಕಾಯಿಲೆ ನಿನ್ನ ಪ್ರಾಯ ಕೇಳಿ ಬರ್ತದಾ ಮಾರಾಯ್ತಿ? ಎರಡು ಸಲ ಚುಚ್ಚಿಸಿದ್ದಾರಾ ಅಂತ ಮನೆಯಲ್ಲಿ ಕೇಳು.”

ಅಮ್ಮನಿಗೆ ಫೋನು ಮಾಡಿದೆ. “ಒಂದು ಚುಚ್ಚಿಸಿದ್ದು ಹೌದು. ಎರಡನೆಯದಕ್ಕೆ ಹೋಗುವಾಗ ನಿನಗೆ ಜ್ವರ ಇತ್ತು. ಮತ್ತೆ ಮರೆತೇಹೋಯ್ತು” ಎಂದರು. ಮರುದಿನ ನನ್ನ ಸೆಮಿನಾರ್ ಇತ್ತು. ಕೈ ಊದಿಸಿಕೊಂಡು ಯಾರು ನಿಲ್ಲುತ್ತಾರೆ, ಮುಂದಿನ ಸಲ ನೋಡಿದರಾಯಿತು ಎಂದು ಬಿಟ್ಟೆ.

ಆಮೇಲೆ ನನ್ನ ರೂಮಿನ ಹುಡುಗಿಗೆ ಜ್ವರ ಬಂತು. ಜ್ವರದವರನ್ನು ನೋಡಲು ಹೋಗದಿದ್ದರೆ ನಮ್ಮಲ್ಲಿ ಮರ್ಯಾದೆ ಅಲ್ಲ. ಹಾಗಾಗಿ ಅರ್ಧ ಹಾಸ್ಟೆಲೇ ಕಿತ್ತಳೆ, ಬ್ರೆಡ್ಡು ಹಿಡಿದುಕೊಂಡು ಬಂದು ಅವಳ ಮಂಚದ ಮೇಲೆ ಕೂತು ಹರಟಿತು. ನಾನಂತೂ ಅವಳ ಪಕ್ಕದಲ್ಲೇ ಮಲಗುವವಳು. ಕೆಲವೇ ದಿನಗಳಲ್ಲಿ ಅವಳ ಮುಖದ ತುಂಬಾ ಕೆಂಪು ಕಲೆಗಳೆದ್ದವು. ಡಾಕ್ಟರು ದಡಾರವೆಂದರು.

ಸುದ್ದಿ ಕೇಳಿ ಟೀಚರ್ ನಮ್ಮ ಬಾಗಿಲಿಗೆ ಬಂದರು. ದಾರಂದವನ್ನು ಗಟ್ಟಿಯಾಗಿ ಹಿಡಿದುಕೊಂಡು, ಆ ಮಂಚದ ಮೇಲೆ ಯಾರೆಲ್ಲ ಕೂತಿದ್ದರೆಂದು ಎರಡೆರಡು ಸಲ ಕೇಳಿದರು. ಹಾಸ್ಟೆಲಿಡೀ ಹೆದರುತ್ತಿದ್ದ ಹೆಂಗಸು ತಾನೇ ಹೆದರಿದ್ದನ್ನು ನಾನು ಕಂಡದ್ದು ಅಂದೇ.

ನಾನು ಬ್ಯಾಗು ತುಂಬಿಸುತ್ತಿದ್ದೆ. ನೆಕ್ರಾಜೆಯ ನಮ್ಮ ಮನೆಯಲ್ಲಿ ಅಕ್ಕ ಬಾಣಂತನಕ್ಕೆ ಬಂದವಳು ಇನ್ನೂ ಇದ್ದಳು. ಆ ಭಾನುವಾರ ಮಗುವಿಗೆ ಮೊದಲ ಅನ್ನ ಉಣ್ಣಿಸುವ ಶಾಸ್ತ್ರ. ಓದುವ ರಜೆಯೂ ಸೇರಿ ಎರಡು ವಾರ ಮಗುವನ್ನು ಎತ್ತಿಕೊಂಡೇ ಇರುವುದೆಂದು ನಾನು ಲೆಕ್ಕ ಹಾಕಿದ್ದೆ.

“ಮಗುವಿಗೆ ಎಷ್ಟು ತಿಂಗಳು?”

“ಆರು ತುಂಬಿತು ಟೀಚರ್.”

“ನೀನು ಹೋಗ್ಲಿಕ್ಕಿಲ್ಲ.”

“ನನಗೆ ಎಂತದೂ ಆಗ್ಲಿಲ್ಲವಲ್ಲ!”

“ಈಗ ಆಗಿಲ್ಲ. ಇದು ಗಾಳಿಯಲ್ಲಿ ಬರುವಂಥದ್ದು. ಮೈಮೇಲೆ ಕೆಂಪು ಏಳುವ ಮೊದಲೇ ನೀನು ಇನ್ನೊಬ್ಬರಿಗೆ ಕೊಟ್ಟಾಗಿರ್ತದೆ. ಒಂಬತ್ತು ತಿಂಗಳು ತುಂಬದೆ ಆ ಮಗುವಿಗೆ ಚುಚ್ಚುವ ಹಾಗೂ ಇಲ್ಲ. ಅದಕ್ಕೆ ಯಾರಿದ್ದಾರೆ ಹೇಳು?”

ಅಮ್ಮನಿಗೆ ಅವರೇ ಫೋನು ಮಾಡಿದರು. ವಿಷಯ ಹೇಳಿ, ಫೋನನ್ನು ಎಡಗಿವಿಗೆ ಇಟ್ಟುಕೊಂಡರು. ಶುಭಕಾರ್ಯಕ್ಕೆ ಅಡ್ಡಬಂದವಳೆಂದು ಅಮ್ಮ ಬೈದದ್ದೆಲ್ಲ ನನಗೇ ಕೇಳುತ್ತಿತ್ತು. ಬೈಗುಳ ನಿಂತ ಮೇಲೆ ಫೋನು ಬಲಗಿವಿಗೆ ಬಂತು. “ಆಯ್ತಾ ಅಕ್ಕಾ? ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಹುಡುಗಿಯನ್ನು ಮಾತ್ರ ಕಳಿಸುವುದಿಲ್ಲ.”

ಅಂದೇ ಎಲ್ಲರಿಗೂ ಲಸಿಕೆ ಹಾಕಿಸಿದರು. ನನಗೂ ಹಾಕಿಸಿದರು, ಆದರೆ ನಿನ್ನದು ತಡವಾಗಿರಬಹುದು ಎಂದರು. ಜಗಲಿಯ ಕೊನೆಯ ಕೋಣೆಯಲ್ಲಿ ನನ್ನೊಬ್ಬಳನ್ನೇ ಇರಿಸಿದರು. ಶಾಸ್ತ್ರವನ್ನು ಫೋನಿನ ಪರದೆಯಲ್ಲಿ ನೋಡಿದೆ. ಅಕ್ಕ ಮುಖ ಕೊಟ್ಟು ಮಾತಾಡಲಿಲ್ಲ. ಟೀಚರ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಉರಿ ಹೆಚ್ಚು ದಿನ ಉಳಿಯಲಿಲ್ಲ. ನಿಜವಾದ ಜ್ವರವೇ ಬಂತು. ಕಣ್ಣು ಕೆಂಪಾಗಿ ಬೆಳಕು ಚುಚ್ಚತೊಡಗಿತು. ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಕೆಂಪು ಕಲೆಗಳು.  ಮನೆಗೆ ಹೋಗಿದ್ದರೆ ಇಷ್ಟು ದಿನವೂ ಮಗು ನನ್ನ ಮಡಿಲಲ್ಲೇ ಇರುತ್ತಿತ್ತು. ಅದಕ್ಕೆ ಆಗ ನನ್ನ ಬಾಯಿಗೇ ಬೆರಳು ಹಾಕಿ ಆಡುವ ಹುಚ್ಚು. ದೇವರೇ ಎಂದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಡಾಕ್ಟರು ದಿನಾ ಬಂದು ನೋಡುತ್ತಿದ್ದರು. ಉಳಿದ ಹೊತ್ತು ಟೀಚರ್. “ನನಗೆ ಬಂದು ಹೋದದ್ದು, ಇನ್ನು ಬರ್ಲಿಕ್ಕಿಲ್ಲ” ಎಂದು ಗಂಜಿ ಕುಡಿಸುವರು. ಅವರದೊಂದು ಕೆಲಸ ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ನನ್ನ ಬೆನ್ನ ಹಿಂದೆ ನಿಂತು, ಒಂದೊಂದೇ ಕಿವಿಯ ಪಕ್ಕ ಬೆರಳುಗಳನ್ನು ಮೆಲ್ಲಗೆ ತಿಕ್ಕಿ, “ಕೇಳ್ತದಾ?” ಎನ್ನುವರು. ಕೇಳುತ್ತದೆ ಎನ್ನುವವರೆಗೂ ಅವರು ಉಸಿರು ಬಿಡುತ್ತಿರಲಿಲ್ಲ.

ಒಂದು ದಿನ ಕೇಳಿಯೇಬಿಟ್ಟೆ. “ನಿಮ್ಮ ಕಿವಿ ಇದರಲ್ಲೇ ಹೋದದ್ದಾ ಟೀಚರ್?”

“ಹೂಂ. ಎರಡನೇ ಕ್ಲಾಸಿನಲ್ಲಿದ್ದೆ. ಕಿವಿ ಸೋರಿ ಸೋರಿ ಹೋಯ್ತು.” ಗಂಜಿಯ ಬಟ್ಟಲನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು. “ಕಿವಿ ಹೋದ್ರೆ ಹೋಗ್ಲಿ. ತಮ್ಮ ತೊಟ್ಟಿಲಲ್ಲಿದ್ದ. ಶಾಲೆಯಿಂದ ಅದನ್ನು ಮನೆಗೆ ತಂದದ್ದು ನಾನು.”

ಒರೆಸಿ ಆಗಿದ್ದ ಬಟ್ಟಲನ್ನು ಎತ್ತಿಕೊಂಡು ಎದ್ದು ಹೋದರು. 

ನಾನು ಹುಷಾರಾದೆ. ಮಗುವಿಗೆ ಒಂಬತ್ತು ತಿಂಗಳು ತುಂಬಿ ಲಸಿಕೆ ಆದ ಮೇಲೆ ಅಮ್ಮ ಅದನ್ನು ಎತ್ತಿಕೊಂಡು ಹಾಸ್ಟೆಲಿಗೆ ಬಂದರು. ಬೈದದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಮಗುವನ್ನು ಟೀಚರ ಕೈಗೆ ಕೊಟ್ಟುಬಿಟ್ಟರು. ಟೀಚರ್ ತಮ್ಮ ಬಲಗಿವಿಯನ್ನು ಅದರ ಬಾಯಿಗೇ ಒಡ್ಡಿದರು. ಅದು ಕಿರುಚಿತು, ಜೊಲ್ಲು ಸುರಿಸಿತು, ಬೆಂಡೋಲೆ ಹಿಡಿದೆಳೆಯಿತು. ಅವರು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅಕ್ಕನ ಮಗ ಈಗ ಶಾಲೆಗೆ ಹೋಗುತ್ತಾನೆ. ಎರಡನೆಯ ಚುಚ್ಚುಮದ್ದಿನ ಹೊತ್ತಿಗೆ ನನ್ನ ಹಾಗೆಯೇ ಅವನಿಗೂ ಜ್ವರ ಬಂದಿತ್ತು. ಅದು ಗುಣವಾದ ಮರುದಿನವೇ ನಾನು ಎತ್ತಿಕೊಂಡು ಹೋಗಿ ಹಾಕಿಸಿದೆ. ಆದರೂ ಅವನ ಮೈ ಒಂದಿಷ್ಟು ಬಿಸಿಯಾದರೆ ಸಾಕು, ನನ್ನ ಕೈ ಅವನ ಕಿವಿಯ ಹಿಂದೆ ಹುಡುಕತೊಡಗುತ್ತದೆ. ಆಮೇಲೆ ಬೆನ್ನ ಹಿಂದೆ ನಿಂತು, ಬೆರಳು ತಿಕ್ಕಿ, “ಕೇಳ್ತದಾ?” ಎನ್ನುತ್ತೇನೆ. ಅವನಿಗೆ ಅದು ಆಟ. ಬೇಕೆಂದೇ ಸುಮ್ಮನೆ ಕೂರುತ್ತಾನೆ. ಅವನು ನಕ್ಕು ತಿರುಗುವವರೆಗೆ ನಾನೂ ಉಸಿರು ಬಿಡುವುದಿಲ್ಲ.